ಅಪ್‌ಡೇಟ್: ಹೆಗಲ ಮೂಲೆಯ ನೋವು ಯಾವ ಸ್ನಾಯುವಿನದು?

ಎಡಕ್ಕೆ ಕತ್ತು ತಿರುಗಿಸಿದರೆ ಎಡ ಹೆಗಲಮೂಳೆಯ ಮೇಲಿನ ಒಳಮೂಲೆ ಹಿಡಿದುಕೊಳ್ಳುತ್ತದೆ, ಅದು ಯಾವ ಸ್ನಾಯು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಫಿಸಿಯೊಥೆರಪಿಸ್ಟ್ ಒತ್ತಿ ನೋಡಿ ಹೇಳಿದ್ದು: ಲಿವೇಟರ್ ಸ್ಕ್ಯಾಪುಲೆ. ಕತ್ತಿನ ಮೊದಲ 4 ಕಶೇರುಗಳ ಪಕ್ಕದ ಚಾಚುಗಳಿಂದ ಹೊರಟು, ತುಸು ತಿರುಚಿಕೊಂಡು ಇಳಿದು, ನನಗೆ ನೋಯುವ ಆ ಮೂಲೆಗೇ ಬಂದು ಅಂಟಿಕೊಳ್ಳುತ್ತದಂತೆ. ಮೇಲೆ ಟ್ರೆಪೀಜಿಯಸ್ ಎಂಬ ಇನ್ನೊಂದು ಅಗಲ ಸ್ನಾಯು ಹೊದ್ದುಕೊಂಡಿರುವುದರಿಂದ ಕೈಗೆ ಸುಲಭಕ್ಕೆ ಸಿಗದು. ಆ ಟ್ರೆಪೀಜಿಯಸ್ಸೋ, ತಲೆಬುರುಡೆಯ ಹಿಂಭಾಗದಿಂದ ಎದೆಭಾಗದ 12ನೇ ಕಶೇರುವಿನವರೆಗೂ ಹರಡಿದೆ. ಬೆನ್ನಲ್ಲಿ ಇಷ್ಟು ದೊಡ್ಡ ಹಾಳೆ ಇದೆ ಅಂತ ಚಿತ್ರ ನೋಡಿದ ಮೇಲೇ ಗೊತ್ತಾಗಿದ್ದು!

ಬಲ ಕಂಕುಳ ಕಡೆಗೆ ಮೂಗು ಬಗ್ಗಿಸಿ ನಿಧಾನಕ್ಕೆ ಎಳೆಯುವ ಸ್ಟ್ರೆಚ್ ಕೊಟ್ಟಿದ್ದಾರೆ. ನೋವು ತುಂಬಾ ಇಳಿದಿದೆ, ಬೈಕಲ್ಲಿ ಹಿಂದೆ ತಿರುಗಿ ನೋಡಬಲ್ಲೆ. ಕೈ ಜೋಮು ಹಿಡಿಯುತ್ತದೆಯೇ ಎಂದು ಕೇಳಿದ್ದವರಿಗೆ: ಇಲ್ಲ, ಅದನ್ನೂ ಪರೀಕ್ಷಿಸಿದರು.