ಮಾಸ್ಟರ್ ಆಫ್ ರಿಯಾಲಿಟಿ: 1971ರ ಈ ರೆಕಾರ್ಡ್ ಇವತ್ತಿಗೂ ಇಷ್ಟು ಭಾರ ಕೇಳಿಸೋದು ಹೇಗೆ?

ಹಳೇ_ಎಲ್‌ಪಿ
ಕಪಾಟಿನಲ್ಲಿರೋ ರೆಕಾರ್ಡ್‌ಗಳನ್ನ ಒಂದೊಂದಾಗಿ ಒರೆಸಿ ಮತ್ತೆ ಕೇಳ್ತಾ ಇದ್ದೇನೆ. ಈ ವಾರ ಬರ್ಮಿಂಗ್‌ಹ್ಯಾಮ್‌ನ ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಮಾಸ್ಟರ್ ಆಫ್ ರಿಯಾಲಿಟಿ ಸರದಿ. ಇರೋದು ಎಂಟೇ ಟ್ರ್ಯಾಕ್, 35 ನಿಮಿಷವೂ ಇಲ್ಲ, ಅದರಲ್ಲೂ ಎರಡು ಬರೀ ಗಿಟಾರ್ ತುಣುಕುಗಳು. ಆದರೂ 'ಚಿಲ್ಡ್ರನ್ ಆಫ್ ದಿ ಗ್ರೇವ್' ಶುರುವಾದರೆ ಸ್ಪೀಕರ್ ಇಟ್ಟಿರೋ ಮೇಜು ನಡುಗುತ್ತದೆ. ಇದರ ಹಿಂದಿನ ಆಲ್ಬಮ್ 'ಪ್ಯಾರನಾಯ್ಡ್' ಬಂದದ್ದು 1970ರ ಸೆಪ್ಟೆಂಬರ್, ಇದು 1971ರ ಜುಲೈ. ಅದೇ ನಾಲ್ಕು ಜನ, ಅದೇ ನಿರ್ಮಾಪಕ ರಾಜರ್ ಬೇನ್. ಒಂದು ವರ್ಷದೊಳಗೆ ಶಬ್ದ ಇಷ್ಟು ಬದಲಾಗೋಕೆ ಏನಾಯ್ತು? ಗಿಟಾರ್ ನುಡಿಸೋರು ಯಾರಾದರೂ ಬಿಡಿಸಿ ಹೇಳಿ.

ಆರು_ತಂತಿ
ಶ್ರುತಿ ಇಳಿಸಿದ್ದೇ ಮುಖ್ಯ ಕಾರಣ. 'ಚಿಲ್ಡ್ರನ್ ಆಫ್ ದಿ ಗ್ರೇವ್', 'ಲಾರ್ಡ್ ಆಫ್ ದಿಸ್ ವರ್ಲ್ಡ್', 'ಇನ್‌ಟು ದಿ ವಾಯ್ಡ್' ಈ ಮೂರರಲ್ಲಿ ಟೋನಿ ಅಯೋಮಿ ಗಿಟಾರನ್ನ ಮೂರು ಸೆಮಿಟೋನ್ (ಅರ್ಧ ಸ್ವರ) ಕೆಳಗೆ, ಸಿ ಶಾರ್ಪ್ ಸ್ವರಕ್ಕೆ ಇಳಿಸಿದ್ದಾರೆ. ಗೀಜರ್ ಬಟ್ಲರ್ ಬಾಸ್ ಕೂಡ ಜೊತೆಗೇ ಇಳಿದಿದೆ.

ಇದರ ಹಿಂದೆ ಬೆರಳಿನ ಕಥೆ ಇದೆ. ಅಯೋಮಿ ಹದಿನೇಳನೇ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದಾಗ ಬಲಗೈಯ ಎರಡು ಬೆರಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಅವರು ಎಡಗೈಯವರು, ಅಂದರೆ ತಂತಿ ಒತ್ತೋ ಕೈ ಆ ಬಲಗೈಯೇ! ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡು, ಅದರ ಮೇಲೆ ಚರ್ಮ ಅಂಟಿಸಿ ನುಡಿಸಿದರು. ಆ ಟೋಪಿ ಹಾಕ್ಕೊಂಡು ಬಿಗಿ ತಂತಿ ಎಳೆಯೋದು ಕಷ್ಟ, ಹಾಗಾಗಿ ತೆಳು ತಂತಿ, ಸಡಿಲ ಶ್ರುತಿ. ಇವತ್ತು ಡೂಮ್, ಸ್ಟೋನರ್ ಅಂತ ನಾವು ಕೇಳೋ ಭಾರದ ಮೆಟಲ್ ಶೈಲಿಗಳೆಲ್ಲ ಆ ಸಡಿಲ ತಂತಿಯಿಂದಲೇ ಹುಟ್ಟಿದ್ದು ಅಂತ ನಾನು ನಂಬ್ತೇನೆ.

ಬಾಸ್_ಪ್ರಿಯೆ
ಶ್ರುತಿ ಸರಿ, ಆದರೆ ಅದೊಂದೇ ಅಲ್ಲ. ಹಾಡುಗಳ ಜೋಡಣೆ ನೋಡಿ. 'ಎಂಬ್ರಿಯೋ' ಅರ್ಧ ನಿಮಿಷ ಮೆಲ್ಲಗೆ ನುಡಿದು ಮುಗಿಯೋ ಹೊತ್ತಿಗೆ 'ಚಿಲ್ಡ್ರನ್' ಮೇಲೆ ಬೀಳುತ್ತದೆ. ಎರಡನೇ ಬದಿಯಲ್ಲಿ 'ಆರ್ಕಿಡ್' ಆದ ಮೇಲೆ 'ಲಾರ್ಡ್'. ಮೆತ್ತಗಿನದು ಪಕ್ಕದಲ್ಲಿ ಇರೋದಕ್ಕೇ ಭಾರ ಜಾಸ್ತಿ ಕಾಣೋದು. 'ಸಾಲಿಟ್ಯೂಡ್' ಬಿಟ್ಟು ಮುಂದೆ ಹೋಗೋರು ತುಂಬ ಜನ, ದಯವಿಟ್ಟು ಹಾಗೆ ಮಾಡ್ಬೇಡಿ. ಅದರಲ್ಲಿ ಕೊಳಲು ಊದಿರೋದು ಅಯೋಮಿಯೇ. ಹಾಡಿರೋದು ಬ್ಯಾಂಡಿನ ಗಾಯಕ ಆಝಿ ಆಸ್ಬರ್ನ್, ಅಷ್ಟು ಮೆತ್ತಗಿನ ದನಿ ಅವರದ್ದು ಅಂತ ಮೊದಲ ಸಲಕ್ಕೆ ಗೊತ್ತೇ ಆಗಲ್ಲ.

ಹಳೇ_ಎಲ್‌ಪಿ
ಹೌದಲ್ವಾ! 'ಸ್ವೀಟ್ ಲೀಫ್' ಮೊದಲಲ್ಲಿ ಬರೋ ಕೆಮ್ಮೂ ಅಯೋಮಿದೇ, ಅದನ್ನ ಟೇಪಿನಲ್ಲಿ ಲೂಪ್ ಮಾಡಿ ಹಾಕಿದ್ದಾರೆ. ಕೆಮ್ಮು ನಿಂತ ತಕ್ಷಣ ರಿಫ್, ಅಂದರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು.

ಕಾಲುವೆ_ದಾರಿ
ನಾನು ಬರ್ಮಿಂಗ್‌ಹ್ಯಾಮ್‌ನಲ್ಲೇ ಇರೋದು. ಬ್ರಾಡ್ ಸ್ಟ್ರೀಟ್ ಸೇತುವೆ ಮೇಲೆ ನಾಲ್ವರ ಮುಖ ಇರೋ ಸಬ್ಬತ್ ಬೆಂಚ್ ಇದೆ. 2025ರ ಜುಲೈ 22ಕ್ಕೆ ಆಝಿ ತೀರಿಕೊಂಡಾಗ ಅಲ್ಲಿ ಹೂವಿನ ರಾಶಿ ಬಿದ್ದಿತ್ತು. ಅದಕ್ಕೆ ಎರಡೂವರೆ ವಾರ ಮುಂಚೆ, ಜುಲೈ 5ಕ್ಕೆ ಇಲ್ಲಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ನಾಲ್ವರೂ ಕೊನೆಯ ಸಲ ಒಟ್ಟಿಗೆ ನುಡಿಸಿದರು, ಬಿಲ್ ವಾರ್ಡ್ ಕೂಡ ಡ್ರಮ್ಸ್‌ಗೆ ವಾಪಸ್ ಬಂದಿದ್ದರು. ನಾಲ್ಕು ಹಾಡು, ಎಲ್ಲ ಮೊದಲೆರಡು ಆಲ್ಬಮ್‌ನವು. ಈ ಆಲ್ಬಮ್‌ನಿಂದ ಒಂದೂ ಇರಲಿಲ್ಲ. 'ಇನ್‌ಟು ದಿ ವಾಯ್ಡ್' ಇರಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಹಾಳಾದ ಭೂಮಿ ಬಿಟ್ಟು ರಾಕೆಟ್ ಹತ್ತಿ ಹೋಗೋರ ಹಾಡು ಅದು, ಈ ಕಾರ್ಖಾನೆ ಊರಿನ ಹುಡುಗರು ಅದನ್ನ ಬರೆದದ್ದರಲ್ಲಿ ಆಶ್ಚರ್ಯ ಇಲ್ಲ.

ಹಳೇ_ಎಲ್‌ಪಿ
ಎಲ್ಲರಿಗೂ ಥ್ಯಾಂಕ್ಸ್. ಇದಾದ ಮೇಲೆ ಯಾವುದು ಕೇಳಲಿ?

ಆರು_ತಂತಿ
1972ರ 'ವಾಲ್ಯೂಮ್ 4', ಅದರಲ್ಲಿ 'ಸೂಪರ್‌ನಾಟ್'. ಆಮೇಲೆ 1975ರ 'ಸ್ಯಾಬೊಟಾಜ್'. ವಾಲ್ಯೂಮ್ ಸ್ವಲ್ಪ ಜಾಸ್ತಿ ಇಡಿ.