ಪುಟ್ಟ, ಮೊದಲು ಡಾಕ್ಟರ್ ಎಷ್ಟು ಜನ ಇದ್ರು ಹೇಳು

ಪುಟ್ಟ, ಮನೆ ಗ್ರೂಪಿಗೆ ನೀನು ಹಾಕಿದ ಮೆಸೇಜ್ ಎರಡು ಸಲ ಕೇಳಿಸ್ಕೊಂಡೆ. ಟೈಪ್ ಮಾಡೋಕೆ ಕೂತ್ರೆ ರಾತ್ರಿ ಆಗುತ್ತೆ, ಅದಕ್ಕೇ ಮಾತಲ್ಲೇ ಹೇಳ್ತೀನಿ. ಉದ್ದ ಆಗುತ್ತೆ. ಬೇಜಾರಾದೋರು ಸ್ಪೀಡ್ ಜಾಸ್ತಿ ಮಾಡ್ಕೊಂಡು ಕೇಳಿ, ನಾನೇನೂ ಅಂದ್ಕೊಳಲ್ಲ.

ಏನಾಯ್ತು ಅಂತ ಬೆಳಿಗ್ಗೆ ಅತ್ತೆ ಕೇಳಿದ್ರು, ಅವರಿಗೋಸ್ಕರ ಎರಡು ಮಾತು. ಪುಟ್ಟನ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳೇ ಸೇರಿ ಒಂದು ಉಚಿತ ಕ್ಲಿನಿಕ್ ನಡೆಸ್ತಾರೆ ಅತ್ತೆ, ಶನಿವಾರ 2 ಗಂಟೆಯಿಂದ ಐದೂವರೆವರೆಗೆ. ಈ ವರ್ಷ ವಾಲಂಟಿಯರ್‌ಗಳನ್ನ ಹೊಂದಿಸೋ ಜವಾಬ್ದಾರಿ ಇವನದ್ದು. ಮೊನ್ನೆ 22 ಜನ ಹೆಸರು ಕೊಟ್ಟು, ಬಂದಿದ್ದು 9 ಜನ. ಪೇಷಂಟ್‌ಗಳು 20 ಜನ ಬಂದಿದ್ರು, 14 ಜನರನ್ನ ನೋಡಿ 6 ಜನರನ್ನ ಹಾಗೇ ವಾಪಸ್ ಕಳಿಸಿದಾರೆ. ಅದರಲ್ಲಿ ಒಬ್ಬರು ವಯಸ್ಸಾದೋರು, ಶುರುವಿನಿಂದ ಕೂತಿದ್ರಂತೆ. ಇವನಿಗೆ ಅದೇ ಮನಸ್ಸಿಗೆ ಹತ್ತಿರೋದು. ಚಿಕ್ಕಪ್ಪ ಬರದೇ ಇದ್ದೋರಿಗೆ ದಂಡ ಹಾಕು ಅಂದ್ರು, ಅತ್ತೆ ಇನ್ನೂ ಹತ್ತು ಜನರನ್ನ ಸೇರಿಸ್ಕೋ ಅಂದ್ರು. ನಾನು ಇಬ್ಬರ ಮಾತಿಗೂ ಒಪ್ಪಲ್ಲ, ಯಾಕೆ ಅಂತ ಹೇಳ್ತೀನಿ.

ಪುಟ್ಟ, ನೀನು ಅಷ್ಟೊಂದು ಹೇಳ್ದೆ, ಡಾಕ್ಟರ್ ಎಷ್ಟು ಜನ ಇದ್ರು ಅಂತ ಮಾತ್ರ ಹೇಳ್ಲೇ ಇಲ್ಲ. ನಾನೇ ಹೇಳ್ಲಾ? ಒಬ್ಬರೇ ಇದ್ರು. ಹೇಗೆ ಗೊತ್ತಾಯ್ತು ಅಂದ್ರೆ, ಮೂರೂವರೆ ಗಂಟೆಯಲ್ಲಿ 14 ಜನ, ಗಂಟೆಗೆ 4 ಜನ, ಒಬ್ಬೊಬ್ಬರಿಗೆ 15 ನಿಮಿಷ. ಇದು ಒಬ್ಬ ಡಾಕ್ಟರ್ ಉಸಿರು ಬಿಡದೆ ಕೆಲಸ ಮಾಡಿದ ಲೆಕ್ಕ. ನೀವು ವಿದ್ಯಾರ್ಥಿಗಳು, ನೀವೇ ಔಷಧಿ ಬರೆಯೋ ಹಾಗಿಲ್ಲ. ನೀವು ಪೇಷಂಟ್ ಹತ್ರ ಕೂತು ಎಲ್ಲ ಕೇಳಿ, ಪರೀಕ್ಷೆ ಮಾಡಿ, ಹೊರಗೆ ಬಂದು ಡಾಕ್ಟರಿಗೆ ಕೇಸ್ ಒಪ್ಪಿಸ್ತೀರ. ಅವರು ಒಳಗೆ ಬಂದು ತಾವೊಂದು ಸಲ ನೋಡ್ತಾರೆ, ನಿಮಗೆರಡು ಪ್ರಶ್ನೆ ಕೇಳ್ತಾರೆ, ಸಹಿ ಹಾಕ್ತಾರೆ. ಪ್ರತಿಯೊಬ್ಬ ಪೇಷಂಟೂ ಆ ಒಂದೇ ಬಾಗಿಲಿಂದ ಹಾಯ್ದು ಹೋಗ್ಬೇಕು. ಆ 22 ಜನವೂ ಬಂದಿದ್ರೆ ಏನಾಗ್ತಿತ್ತು? ಅದೇ 14 ಜನ. ಕಾರಿಡಾರಲ್ಲಿ ಕೇಸ್ ಶೀಟ್ ಹಿಡ್ಕೊಂಡು ಡಾಕ್ಟರಿಗೋಸ್ಕರ ಕಾಯೋ ಹುಡುಗರು ಇನ್ನೊಂದಷ್ಟು ಜಾಸ್ತಿ ಆಗ್ತಿದ್ರು, ಅಷ್ಟೇ.

ಬರದೇ ಇದ್ದ 13 ಜನರ ಮೇಲೆ ನಿನಗೆ ಸಿಟ್ಟಿದೆಯಲ್ಲ, ಆ 6 ಜನ ವಾಪಸ್ ಹೋಗಿದ್ದಕ್ಕೂ ಅವರಿಗೂ ಸಂಬಂಧ ಇಲ್ಲ. ಬಾಗಿಲಲ್ಲಿ 20 ಟೋಕನ್ ಕೊಟ್ಟ ಹೊತ್ತಿಗೇ ಅದು ತೀರ್ಮಾನ ಆಗೋಗಿತ್ತು. ಒಳಗೆ 16 ಜನ ಕೂತಿದ್ದು ಗಂಟೆಗೆ 4 ಜನ ಆಚೆ ಹೋಗ್ತಿದ್ರೆ, ಆಗ ಬಂದು ಕೂತೋರು 4 ಗಂಟೆ ಕಾಯ್ಬೇಕು. ಜಾನ್ ಲಿಟಲ್ ಅನ್ನೋರು 1961ರಲ್ಲೇ ಇದನ್ನ ಗಣಿತದಲ್ಲಿ ಸಾಬೀತು ಮಾಡಿಟ್ಟಿದಾರೆ, ಫ್ಯಾಕ್ಟರಿಗೂ ಅದೇ ಸೂತ್ರ, ಬ್ಯಾಂಕಿಗೂ ಅದೇ. ನಿನ್ನ ಕ್ಲಿನಿಕ್ ಮುಚ್ಚೋಕೆ ಮೂರೂವರೆ ಗಂಟೆ ಇದ್ದಾಗ 4 ಗಂಟೆ ಕಾಯೋ ಸಾಲಲ್ಲಿ ಅವರನ್ನ ಕೂರಿಸಿದ್ದೀಯ. ಬೈತಾ ಇಲ್ಲ ಕಣೋ, ಇದೇ ಜವಾಬ್ದಾರಿ ನನ್ನ ಮೇಲಿದ್ದಾಗ ನಾನೂ ಕೂರಿಸಿದೀನಿ.

ಅದಕ್ಕೇ ಹೇಳೋದು, ವಾಲಂಟಿಯರ್ ಲಿಸ್ಟ್ ತೆರೆಯೋ ಮೊದಲು ಡಾಕ್ಟರ್ ಲಿಸ್ಟ್ ಮುಗಿದಿರಬೇಕು. ಯಾರು ಬರ್ತಾರೆ, ಎಷ್ಟು ಗಂಟೆಗೆ ಬರ್ತಾರೆ, ಎಷ್ಟು ಹೊತ್ತಿಗೆ ಹೊರಡ್ತಾರೆ. ಒಬ್ಬರೇ ಆದ್ರೆ 12 ಟೋಕನ್, ಅದಕ್ಕಿಂತ ಒಂದೂ ಜಾಸ್ತಿ ಬೇಡ. ಉಳಿದ ಅರ್ಧ ಗಂಟೆ ಬೇಕಾಗುತ್ತೆ, ಯಾರಾದ್ರೂ ಒಬ್ಬರಿಗೆ ಎದೆನೋವು ಅಂತ ಶುರುವಾಗುತ್ತೆ, ಇಲ್ಲಾ ಯಾರೋ ಅಳೋಕೆ ಶುರು ಮಾಡ್ತಾರೆ. 13ನೇ ಅವರಿಗೆ ಬಂದ ತಕ್ಷಣವೇ ಹೇಳು, ಇವತ್ತು ಆಗಲ್ಲ, ಮುಂದಿನ ವಾರ ನಿಮ್ಮ ಹೆಸರು ಮೊದಲು ಅಂತ. ಹೇಳೋವಾಗ ಹೊಟ್ಟೆ ಹಿಂಡುತ್ತೆ, ಆದ್ರೂ ಹೇಳು. ಹೇಳೋ ಮೊದಲು ಒಬ್ಬ ಸೀನಿಯರ್ ಒಂದು ನಿಮಿಷ ಅವರನ್ನ ನೋಡಿ, ಕಾಯೋಕಾಗದ ತೊಂದರೆ ಏನಾದ್ರೂ ಇದೆಯಾ ಅಂತ ಕೇಳ್ಲೇಬೇಕು. ಅನುಮಾನ ಬಂದ್ರೆ ಡಾಕ್ಟರನ್ನ ಕರೆಯೋದು, ಅವರೇ ಹೇಳ್ಬೇಕು ಕಳಿಸಬಹುದೋ ಇಲ್ವೋ ಅಂತ.

ಹಾಂ, ಈಗ ಹುಡುಗರ ವಿಷಯ. ಒಬ್ಬ ಡಾಕ್ಟರಿಗೆ ಮೂರು ಜೋಡಿ ಸಾಕು, ಜೋಡಿ ಅಂದ್ರೆ ಒಬ್ಬ ಸೀನಿಯರ್ ಒಬ್ಬ ಜೂನಿಯರ್. ಹೆಸರು ಬರ್ಕೊಳೋಕೆ ಇಬ್ಬರು, ಬಿಪಿ ಶುಗರ್ ನೋಡೋಕೆ ಇಬ್ಬರು, ಔಷಧಿ ಹತ್ರ ಒಬ್ಬರು, ಭಾಷೆ ಗೊತ್ತಿಲ್ಲದೋರು ಬಂದ್ರೆ ಅನುವಾದಕ್ಕೆ ಒಬ್ಬರು. ಅನುವಾದಕ್ಕೆ ಪೇಷಂಟ್ ಜೊತೆ ಬಂದ ಮಗನ್ನೋ ಮಗಳನ್ನೋ ಕೂರಿಸ್ಬೇಡಿ. ತಾಯಿ ತನ್ನ ಹೊಟ್ಟೆನೋವಿನ ಬಗ್ಗೆ ಹತ್ತು ವರ್ಷದ ಮಗನ ಬಾಯಲ್ಲಿ ಏನು ಹೇಳಿಸ್ತಾಳೆ ಹೇಳು. ಇನ್ನೊಬ್ಬರು ಬೇಕೇ ಬೇಕು, ಅವರಿಗೆ ಬೇರೆ ಕೆಲಸ ಇರಕೂಡದು, ಯಾವ ರೂಮಲ್ಲಿ ಯಾರಿದಾರೆ, ಎಷ್ಟು ಹೊತ್ತಾಯ್ತು, ಮುಂದೆ ಯಾರು ಅಂತ ನೋಡ್ತಾ ಓಡಾಡೋದೇ ಕೆಲಸ. ಎಲ್ಲ ಸೇರಿ 13 ಜನ. ಅವರ ಮೇಲೆ ನೀನು. ನೀನು ಪೇಷಂಟ್ ನೋಡೋಕೆ ಹೋಗ್ಬೇಡ. ಆಸೆ ಆಗುತ್ತೆ, ಕಲಿಯೋಕೆ ತಾನೇ ಬಂದಿರೋದು ಅನ್ಸುತ್ತೆ. ನಾನು ಒಂದಿನ ಒಂದೇ ಒಂದು ಕೇಸ್ ಅಂತ ಒಳಗೆ ಹೋಗಿ ನಲವತ್ತು ನಿಮಿಷ ಬಿಟ್ಟು ಬಂದ್ರೆ, ಹೊರಗೆ ಇಬ್ಬರು ಪೇಷಂಟ್ ಫೈಲ್ ಅದಲುಬದಲಾಗಿತ್ತು.

ಚಿಕ್ಕಪ್ಪ, ದಂಡದ ಮಾತು. ತಪ್ಪು ತಿಳ್ಕೋಬೇಡಿ, ನಾನೂ ಮೊದಲು ಅದನ್ನೇ ಯೋಚ್ನೆ ಮಾಡಿದ್ದೆ. ಇಸ್ರೇಲಿನ ಹೈಫಾದಲ್ಲಿ ಮಕ್ಕಳನ್ನ ನೋಡ್ಕೊಳೋ 10 ಡೇ ಕೇರ್‌ಗಳಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಪರೀಕ್ಷೆ ಮಾಡಿದ್ರು, 2000ದಲ್ಲಿ ಅದನ್ನ ಬರೆದ್ರು. ಸಂಜೆ ಮಕ್ಕಳನ್ನ ಕರ್ಕೊಂಡು ಹೋಗೋಕೆ ಅಪ್ಪ ಅಮ್ಮ ತಡವಾಗಿ ಬರ್ತಿದ್ರು, ಅದಕ್ಕೆ ಕೆಲವು ಕಡೆ ದಂಡ ಹಾಕಿದ್ರು. ತಡವಾಗಿ ಬರೋರು ಕಮ್ಮಿ ಆಗ್ಲಿಲ್ಲ, ಜಾಸ್ತಿ ಆದ್ರು. ಅಲ್ಲಿವರೆಗೆ ಟೀಚರ್ ಕಾಯ್ತಾರಲ್ಲ ಅಂತ ಸಂಕೋಚ ಇತ್ತು, ದುಡ್ಡು ಕೊಟ್ಟ ಮೇಲೆ ಆ ಸಂಕೋಚಾನೂ ಹೋಯ್ತು. ತಮಾಷೆ ಏನು ಅಂದ್ರೆ, ದಂಡ ತೆಗೆದ ಮೇಲೂ ಅದು ಕೆಳಗಿಳೀಲಿಲ್ಲ. ಇವನ ಕ್ಲಿನಿಕ್‌ಗೆ ಹುಡುಗರು ಬರೋದೇ ಸಂಕೋಚ ಮತ್ತೆ ಇಷ್ಟ, ಇವೆರಡರ ಮೇಲೆ. ಅದರಲ್ಲಿ ಒಂದನ್ನ ದುಡ್ಡಿಗೆ ಮಾರಿಬಿಟ್ರೆ ಉಳಿಯೋದೇನು?

ಬರೋ ಹಾಗೆ ಮಾಡೋಕೆ ನನಗೆ ಉಪಯೋಗಕ್ಕೆ ಬಂದಿದ್ದು ಇಷ್ಟು. ನೀನು ಗ್ರೂಪಲ್ಲಿ ಶನಿವಾರ ಯಾರ್ಯಾರು ಬರ್ತೀರ ಅಂತ ಕೇಳಿದ್ದೀಯ, 22 ಜನ ಹೆಬ್ಬೆಟ್ಟು ಒತ್ತಿದಾರೆ. ಹೆಬ್ಬೆಟ್ಟಿಗೆ ಏನು ಬೆಲೆ? ತಾನು ಹೋಗದಿದ್ರೆ ಉಳಿದ 21 ಜನ ಇದ್ದೇ ಇರ್ತಾರೆ ಅಂತ ಪ್ರತಿಯೊಬ್ಬನಿಗೂ ಗೊತ್ತು. ಹಾಗೆ ಕೇಳ್ಬೇಡ. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಬರೆ: ಒಂದೂಕಾಲಿಗೆ ಬಾ, ಬಿಪಿ ಟೇಬಲ್ ನಿಂದು, ನಿನ್ನ ಜೊತೆ ಇಂಥೋರು, ಮೂರೂವರೆಗೆ ಇಂಥೋರಿಗೆ ವಹಿಸಿ ಹೊರಡು. ತನ್ನ ಟೇಬಲ್ ಖಾಲಿ ಇರುತ್ತೆ ಅಂತ ಗೊತ್ತಿದ್ರೆ ಮನುಷ್ಯ ಬರ್ತಾನೆ. ಗುರುವಾರ ಇನ್ನೊಂದು ಸಲ ಕೇಳು, ಬರ್ತೀಯೋ ಇಲ್ವೋ ಅಂತ. ಇಲ್ಲ ಅಂದೋರಿಗೆ ಥ್ಯಾಂಕ್ಸ್ ಹೇಳು, ಕಾರಣ ಕೇಳ್ಬೇಡ. ಇಲ್ಲ ಅನ್ನೋದು ಕಷ್ಟ ಆದ್ರೆ ಯಾರೂ ಇಲ್ಲ ಅನ್ನಲ್ಲ, ಶನಿವಾರ ಫೋನ್ ಸ್ವಿಚ್ ಆಫ್ ಮಾಡ್ಕೊಂಡು ಮಲಗ್ತಾರೆ. ಮೂರು ಜನ ಬದಲಿ ಇಟ್ಕೋ. ಮತ್ತೆ ಎಲ್ಲ ಬ್ಯಾಚಿನ ಪರೀಕ್ಷೆ ಟೈಮ್ ಟೇಬಲ್ ಇವತ್ತೇ ಇಸ್ಕೊಂಡು ಅದರ ಮೇಲೆ ನಿನ್ನ ಪಟ್ಟಿ ಹಾಕು. ಮೊನ್ನೆ ಬರದೇ ಇದ್ದ 13 ಜನದಲ್ಲಿ ಎಷ್ಟು ಜನಕ್ಕೆ ಸೋಮವಾರ ಇಂಟರ್ನಲ್ಸ್ ಇತ್ತು, ಒಂದ್ಸಲ ನೋಡು.

ಒಂದ್ನಿಮಿಷ, ಯಾರೋ ಬೆಲ್ ಮಾಡಿದ್ರು.

ಹಾಂ, ಬಂದೆ. ತರಬೇತಿ. ಹೊಸ ಹುಡುಗರಿಗೆ ಮೊದಲ ದಿನ ನಿಮ್ಮ ಕ್ಲಿನಿಕ್ ಇತಿಹಾಸ, ಧ್ಯೇಯ ಅಂತೆಲ್ಲ ಸ್ಲೈಡ್ ತೋರಿಸ್ಬೇಡ. ಬಿಪಿ ನೋಡೋದನ್ನ ಕಲಿಸು. ಎಲ್ಲರಿಗೂ ಬರುತ್ತೆ ಅಂದ್ಕೊಂಡಿರ್ತಾರೆ, ಬರಲ್ಲ. ಪೇಷಂಟ್ 5 ನಿಮಿಷ ಸುಮ್ನೆ ಕೂತಿರಬೇಕು, ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕಿರಕೂಡದು, ತೋಳು ಎದೆಯ ಮಟ್ಟಕ್ಕೆ ಒರಗಿರಬೇಕು, ಮಾತಾಡಿಸ್ಬಾರದು. ನಮ್ಮ ಹುಡುಗರು ಪಂಪ್ ಮಾಡ್ತಾನೇ ಊಟ ಆಯ್ತಾ, ಎಲ್ಲಿಂದ ಬಂದ್ರಿ ಅಂತ ಶುರು ಮಾಡ್ತಿದ್ರು, ಪಾಪ ಒಳ್ಳೆ ಮನಸ್ಸಿಂದಲೇ. ತೋಳು ದಪ್ಪ ಇರೋರಿಗೆ ದೊಡ್ಡ ಕಫ್, ಅಂದ್ರೆ ತೋಳಿಗೆ ಸುತ್ತೋ ಪಟ್ಟಿ. ಚಿಕ್ಕ ಕಫ್ ಕಟ್ಟಿದ್ರೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ನಮ್ಮಲ್ಲಿ ಒಬ್ಬರಿಗೆ 168 ಬಂತು ಅಂತ ಎಲ್ಲ ಗಾಬರಿ, ದೊಡ್ಡ ಕಫ್ ಹುಡುಕಿ ತಂದು ಕಟ್ಟಿದ್ರೆ 142. ಹೊಸ ಮಾತ್ರೆ ಬರೆಸ್ಕೊಂಡು ಹೊರಡ್ತಿದ್ರು ಅವರು.

ಸೂಜಿ ಮುಟ್ಟೋರ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದೋರು ಸೂಜಿ ಹತ್ರ ಹೋಗೋದು ಬೇಡ. ಮಾಮೂಲಿ ಲೆಕ್ಕದಲ್ಲಿ ಮೂರು ಡೋಸ್ ಮುಗಿಯೋಕೆ ಆರು ತಿಂಗಳು, ಸೇರಿದ ದಿನವೇ ಕೇಳು. ಉಪಯೋಗಿಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕ್ಬಾರದು, ಸೂಜಿ ಹಾಕೋ ಡಬ್ಬ ಮುಕ್ಕಾಲು ತುಂಬಿದ್ರೆ ಬದಲಾಯಿಸ್ಬೇಕು. ಚುಚ್ಚಿಕೊಂಡ್ರೆ ಸೋಪು ನೀರಲ್ಲಿ ತೊಳೆದು ಆ ಕ್ಷಣವೇ ಡಾಕ್ಟರಿಗೆ ಹೇಳ್ಬೇಕು. ಎಚ್‌ಐವಿ ತಡೆಯೋ ಔಷಧಿ ಬೇಕಾದ್ರೆ ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಒಳ್ಳೇದು, 72 ಗಂಟೆ ದಾಟಿದ ಮೇಲೆ ಪ್ರಯೋಜನ ಇಲ್ಲ. ಹುಡುಗರು ನಾಚ್ಕೊಂಡು ಮುಚ್ಚಿಡ್ತಾರೆ. ಚುಚ್ಚಿಕೊಂಡೋರಿಗೆ ಬೈಯಲ್ಲ ಅಂತ ಮೊದಲೇ ಹೇಳಿಟ್ಟಿರು.

ಇಷ್ಟೆಲ್ಲ ಹೇಳಿದ್ನಲ್ಲ, ನನ್ನ ನಿದ್ದೆ ಕೆಡಿಸಿದ್ದು ಇದ್ಯಾವುದೂ ಅಲ್ಲ. ಶನಿವಾರ ಬಾಗಿಲು ಹಾಕಿದ ಮೇಲೆ ಬರೋ ರಿಪೋರ್ಟ್‌ಗಳು. ಇದನ್ನ ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾನು ನಿನ್ನ ಜಾಗದಲ್ಲಿದ್ದಾಗ ಬಿಪಿ ಮಾತ್ರೆ ತಗೊಳ್ತಿದ್ದ ಒಬ್ಬರ ರಕ್ತ ಲ್ಯಾಬಿಗೆ ಕಳಿಸಿದ್ವಿ. ರಿಪೋರ್ಟ್ ಸೋಮವಾರವೇ ಬಂದಿತ್ತು, ಪೊಟ್ಯಾಸಿಯಂ 6.1. ಆ ಮಟ್ಟದಲ್ಲಿ ಎದೆಬಡಿತ ಯಾವಾಗ ಬೇಕಾದ್ರೂ ತಾಳ ತಪ್ಪಬಹುದು. ಆದ್ರೆ ಅದು ಬಂದಿದ್ದು ಕೇಸ್ ಬರೆದ ಹುಡುಗನ ಮೇಲ್‌ಗೆ, ಅವನು ಫೈನಲ್ ಪರೀಕ್ಷೆಗೆ ಅಂತ ರೂಮಲ್ಲಿ ಕದ ಹಾಕ್ಕೊಂಡು ಕೂತಿದ್ದ. ಒಂಬತ್ತನೇ ದಿನ ಅವನೇ ನೋಡಿ ನಡುಗುತ್ತಾ ಫೋನ್ ಮಾಡಿದ. ನಾವು ಪೇಷಂಟ್‌ಗೆ ಫೋನ್ ಮಾಡಿದ್ರೆ ನಂಬರಲ್ಲಿ ಒಂದು ಅಂಕಿ ತಪ್ಪು. ಆಮೇಲೆ ವಿಳಾಸ ಹಿಡ್ಕೊಂಡು ಇಬ್ಬರು ಹೋಗಿ ಹುಡುಕಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಏನೂ ಆಗಿರ್ಲಿಲ್ಲ, ಮಾತ್ರೆ ಬದಲಾಯಿಸಿದ್ರು, ಅವರು ನಮಗೇ ಥ್ಯಾಂಕ್ಸ್ ಹೇಳಿದ್ರು. ನನಗೆ ತಲೆ ಎತ್ತೋಕಾಗ್ಲಿಲ್ಲ. ಆ ಹುಡುಗನದ್ದೇನೂ ತಪ್ಪಿರ್ಲಿಲ್ಲ ಪುಟ್ಟ. ರಿಪೋರ್ಟ್ ಯಾರ ಕೈಗೆ ಬರಬೇಕು ಅನ್ನೋದನ್ನ ನಾನು ಗೊತ್ತು ಮಾಡಿರ್ಲಿಲ್ಲ.

ಅವತ್ತಿಂದ ಒಂದು ದಪ್ಪ ಪುಸ್ತಕ ಇಟ್ವಿ. ಕಳಿಸಿದ ಪ್ರತಿ ಟೆಸ್ಟಿಗೂ ಒಂದು ಸಾಲು. ಆ ವಾರ ಅದಕ್ಕೆ ಒಬ್ಬ ಜವಾಬ್ದಾರ, ಅವನಿಗೊಬ್ಬ ಬದಲಿ. ರಿಪೋರ್ಟ್ ಕ್ಲಿನಿಕ್ಕಿನ ಮೇಲ್‌ಗೇ ಬರಬೇಕು, ಯಾರ ಸ್ವಂತ ಮೇಲ್‌ಗೂ ಅಲ್ಲ, ಕೆಟ್ಟದಾಗಿ ಬಂದಿದ್ರೆ ಲ್ಯಾಬಿನೋರು ಡಾಕ್ಟರಿಗೇ ನೇರ ಫೋನ್ ಮಾಡ್ಬೇಕು. ರಿಪೋರ್ಟ್ ಬಂತು ಅಂತ ಆ ಸಾಲನ್ನ ಗೀಟು ಎಳೆದು ಹೊಡೆಯೋ ಹಾಗಿಲ್ಲ, ಡಾಕ್ಟರ್ ನೋಡಿ, ಪೇಷಂಟ್‌ಗೆ ತಿಳಿಸಿ ಆದ ಮೇಲೇ ಹೊಡೆಯೋದು. ಹೊಡೆಯದ ಸಾಲು ಇದ್ರೆ ಮುಂದಿನ ಶನಿವಾರದ ಮೊದಲ ಟೋಕನ್ ಕೊಡೋ ಹಾಗಿಲ್ಲ. ಫೋನ್ ನಂಬರ್ ಬರ್ಕೊಂಡ ತಕ್ಷಣ ಅವರ ಎದುರಿಗೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡೋದು. ಹುಡುಗರಿಗೆ ಈ ಪುಸ್ತಕದ ಡ್ಯೂಟಿ ಅಂದ್ರೆ ಆಗ್ತಿರ್ಲಿಲ್ಲ, ಸ್ಟೆತ್ ಇಲ್ಲ, ಪೇಷಂಟ್ ಇಲ್ಲ, ಬರೀ ಫೋನು. ಅದಕ್ಕೇ ಅದನ್ನ ಯಾವಾಗ್ಲೂ ಚೆನ್ನಾಗಿರೋ ಸೀನಿಯರ್‌ಗಳಿಗೇ ಕೊಡ್ತಿದ್ದೆ.

ಇನ್ನೊಂದು ಮರೀತಿದ್ದೆ. ನೀನು ನಿನ್ನೆ ಇಲ್ಲಿ ನಿಮ್ಮ ವಾಲಂಟಿಯರ್ ಗ್ರೂಪಿನ ಸ್ಕ್ರೀನ್‌ಶಾಟ್ ಹಾಕಿದ್ದೆಯಲ್ಲ, ಅದರಲ್ಲಿ ಮೇಲ್ಗಡೆ ಯಾರೋ ಒಬ್ಬ ಪೇಷಂಟ್ ಹೆಸರು ಅವರ ಶುಗರ್ ಎಲ್ಲ ಕಾಣ್ತಿದೆ. ಈಗ್ಲೇ ಡಿಲೀಟ್ ಮಾಡು. ಇಲ್ಲೂ ಮಾಡು, ಅಲ್ಲೂ ಮಾಡಿಸು. ಪೇಷಂಟ್ ವಿಷಯ ವಾಟ್ಸಾಪಲ್ಲಿ ಬರಕೂಡದು, ಟೋಕನ್ ನಂಬರ್ ಸಾಕು. ಎಲ್ಲರೂ ದಯವಿಟ್ಟು ನಿಮ್ಮ ಫೋನಲ್ಲೂ ತೆಗೆದುಬಿಡಿ.

ನಿನ್ನ ವರ್ಷ ಮುಗಿಯೋದು ಇನ್ನೂ ದೂರ ಇದೆ ಅನ್ಸುತ್ತೆ, ಆದ್ರೂ ಎರಡನೇ ವರ್ಷದ ಒಬ್ಬರನ್ನ ಈಗಿಂದ್ಲೇ ನಿನ್ನ ಪಕ್ಕ ಓಡಾಡಿಸ್ಕೋ. ನನಗೆ ಹಿಂದಿನೋರು ಬಿಟ್ಟು ಹೋಗಿದ್ದು ಒಂದು ಬೀಗದ ಕೈ, ಯಾವ ಬೀಗದ್ದು ಅಂತಾನೂ ಹೇಳಿರ್ಲಿಲ್ಲ.

ಸರಿ, ಸಾಕು. ನಾಳೆ ಡಾಕ್ಟರಿಗೆ ಫೋನ್ ಮಾಡಿ ಈ ಶನಿವಾರ ಎಷ್ಟು ಹೊತ್ತಿಗೆ ಬರ್ತಾರೆ, ಎಷ್ಟು ಹೊತ್ತಿಗೆ ಹೊರಡ್ತಾರೆ ಕೇಳಿ ನನಗೆ ಹಾಕು, ರಾತ್ರಿ ಕೂತು ಟೋಕನ್ ಲೆಕ್ಕ ಹಾಕೋಣ. ಮತ್ತೆ ವಾಪಸ್ ಹೋದ ಆ 6 ಜನರ ನಂಬರ್ ಇದೆ ತಾನೇ ನಿನ್ನ ಹತ್ರ? ಅವರಿಗೆ ನೀನೇ ಮಾಡು, ಬೇರೆಯೋರ ಕೈಲಿ ಮಾಡಿಸ್ಬೇಡ.