ಜರ್ಮನಿಯಲ್ಲಿ ಓದಿದರೆ ಸಂಬಳವಂತೆ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 34 ಜನ ಇದ್ದಾರೆ. ಮಾತಾಡುವವರು ಆರೇಳು ಜನ. ಹೋದ ಭಾನುವಾರ ಅಲ್ಲಿ ನಡೆದದ್ದನ್ನು ಹಾಕುತ್ತಿದ್ದೇನೆ. ಹೆಸರು ಬೇಡ, ನನಗೆ ಅವರು ಏನಾಗಬೇಕೋ ಅದನ್ನೇ ಹಾಕಿದ್ದೇನೆ. ಚಿಕ್ಕಮ್ಮನ ಮಗ ಪುಟ್ಟು ಈಗಷ್ಟೇ ಸೆಕೆಂಡ್ ಪಿಯುಸಿ ಮುಗಿಸಿದ್ದಾನೆ. ಅವನ ಸಿಇಟಿ ರ‍್ಯಾಂಕ್ ಯಾರೂ ಕೇಳಬಾರದು ಎಂದು ಅಪ್ಪಣೆಯಾಗಿದೆ. ಇಷ್ಟು ಗೊತ್ತಿದ್ದರೆ ಸಾಕು.

ಚಿಕ್ಕಮ್ಮ (ಫಾರ್ವರ್ಡ್): ಜರ್ಮನಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದರೆ ಸಂಬಳ!! ಫೀಸಿಲ್ಲ!! ಮೂರೇ ವರ್ಷ!! ಕೆಲಸ ಗ್ಯಾರಂಟಿ!! ನಮ್ಮ ಮಕ್ಕಳು ಮಾತ್ರ ಲಕ್ಷ ಲಕ್ಷ ಕಟ್ಟಬೇಕಾ? ಹತ್ತು ಪೋಷಕರಿಗೆ ಕಳಿಸಿ 🙏

ಚಿಕ್ಕಮ್ಮ: ನೋಡಿ. ನಾವು ಇಲ್ಲಿ ಒಂದು ಸೀಟಿಗೆ ಸಾಲ ಮಾಡಬೇಕು.

ಮೇಷ್ಟ್ರು ಭಾವ: ಚಿಕ್ಕತ್ತೆ, ಇದರ ಮೂಲ ಯಾವುದು?

ಚಿಕ್ಕಮ್ಮ: ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಬಂತು.

ಮೇಷ್ಟ್ರು ಭಾವ: ಅದು ಮೂಲ ಅಲ್ಲ. ಯಾವ ಕಾಲೇಜು? ಯಾವ ಊರು? ಗ್ಯಾರಂಟಿ ಕೊಟ್ಟವರು ಯಾರು?

ಚಿಕ್ಕಮ್ಮ: 2020ರಲ್ಲಿ ನೀವು ಕಷಾಯದ ವಿಡಿಯೋ ಕಳಿಸಿದಾಗ ನಾವು ಮೂಲ ಕೇಳಿದ್ದೆವಾ?

ಮೇಷ್ಟ್ರು ಭಾವ: ಅದನ್ನು ಕಳಿಸಿದ್ದು ನಾನಲ್ಲ. ಇವಳು ನನ್ನ ಫೋನಿಂದ ಕಳಿಸಿದ್ದು.

(ನನ್ನ ಸ್ವಂತ ಅಕ್ಕ ಇದಕ್ಕೆ ಬರೀ ಒಂದು ಪ್ರಶ್ನೆ ಚಿಹ್ನೆ ಹಾಕಿದಳು. ಮನೆಯಲ್ಲಿ ಮುಂದೇನಾಯಿತೋ ಗೊತ್ತಿಲ್ಲ, ಭಾವ ಮುಕ್ಕಾಲು ಗಂಟೆ ಸುದ್ದಿಯಿಲ್ಲ.)

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಇದರಲ್ಲಿ ಹೊಸದೇನೂ ಇಲ್ಲ. ನಾನು 1970ರಲ್ಲಿ ಮೈಕೋ ಕಾರ್ಖಾನೆಯಲ್ಲಿ ಅಪ್ರೆಂಟಿಸ್. ಕಲಿಯುತ್ತಲೇ ಸ್ಟೈಪೆಂಡ್. ಮೊದಲು ಅರ ಕೈಗೆ ಕೊಟ್ಟು ಕಬ್ಬಿಣದ ತುಂಡು ಉಜ್ಜಿಸುತ್ತಿದ್ದರು. ಚೌಕ ಅಂದರೆ ಚೌಕವೇ ಆಗಬೇಕು. ಈಗಿನ ಮಕ್ಕಳಿಗೆ ಕೈ ಕೊಳೆಯಾಗಬಾರದು.

ಅಣ್ಣ: ಅಪ್ಪ, ಆಡುಗೋಡಿ ಗೇಟ್ ನೆನಪಾಯಿತು. ಶಿಫ್ಟ್ ಬಿಟ್ಟರೆ ಸೈಕಲ್ಲೋ ಸೈಕಲ್ಲು. ನೀವು ಟಿಫನ್ ಡಬ್ಬಿಯಲ್ಲಿ ಕ್ಯಾಂಟೀನ್ ವಡೆ ಉಳಿಸಿಕೊಂಡು ಬರುತ್ತಿದ್ದಿರಿ.

ಅತ್ತೆ: ನಮ್ಮ ಪಾಲಿಗೆ ಆ ವಡೆ ಒಂದು ದಿನವೂ ಬರಲಿಲ್ಲ.

ಅಣ್ಣ: ಅತ್ತೆ, ಆರಿ ಹೋಗಿರುತ್ತಿತ್ತು. ಆದರೂ ಆ ರುಚಿ!

(ಮುಂದಿನ 22 ಸಂದೇಶ ವಡೆಯ ಮೇಲೆ. ಬಿಟ್ಟಿದ್ದೇನೆ. ಅಷ್ಟರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಬೆಳಗಾಯಿತು. ಅಲ್ಲಿರುವುದು ದೊಡ್ಡಪ್ಪನ ಮಗಳು.)

ಸ್ಟುಟ್‌ಗಾರ್ಟ್ ಅಕ್ಕ: ಚಿಕ್ಕಮ್ಮ, ಇದು ನಾನಿರುವ ಊರಿನದೇ ವಿಷಯ. ಡುವಾಲೆ ಹೋಖ್‌ಶೂಲೆ ಬಾಡೆನ್-ವುರ್ಟೆಂಬರ್ಗ್ ಅಂತ ಕಾಲೇಜು ಇದೆ, ಎಲ್ಲರೂ ಡಿಎಚ್‌ಬಿಡಬ್ಲ್ಯು ಅನ್ನುತ್ತಾರೆ. ಅಲ್ಲಿ ಅಪ್ಲೈಡ್ ಕಂಪ್ಯೂಟರ್ ಸೈನ್ಸ್ ಇದೆ. ಮೂರು ವರ್ಷ ನಿಜ. ಸಂಬಳವೂ ನಿಜ, ಆದರೆ ಕೊಡುವುದು ಕಾಲೇಜಲ್ಲ, ಕಂಪನಿ. ಮೊದಲು ಯಾವುದಾದರೂ ಕಂಪನಿ ನಿಮ್ಮನ್ನು ಆರಿಸಿ ಒಪ್ಪಂದ ಮಾಡಿಕೊಳ್ಳಬೇಕು, ಆಮೇಲೆಯೇ ಸೀಟು. ಸುಮಾರು ಮೂರು ತಿಂಗಳು ಕ್ಲಾಸು, ಮೂರು ತಿಂಗಳು ಆಫೀಸು, ಹೀಗೇ ತಿರುಗುತ್ತಿರುತ್ತದೆ. ಕ್ಲಾಸಿನ ತಿಂಗಳಲ್ಲೂ ಸಂಬಳ ನಿಲ್ಲುವುದಿಲ್ಲ. ಆದರೆ ಸೆಮಿಸ್ಟರ್ ರಜೆ ಇಲ್ಲ, ನೌಕರರಿಗೆ ಸಿಗುವ ರಜೆ ಅಷ್ಟೇ. ಓದಿನ ಹೊರೆಯೂ ಹೆಚ್ಚು: ಬೇರೆ ಕಡೆ ಮೂರು ವರ್ಷಕ್ಕೆ 180 ಕ್ರೆಡಿಟ್, ಇಲ್ಲಿ 210. ಪಾಠ ಜರ್ಮನ್ ಭಾಷೆಯಲ್ಲಿ.

ಚಿಕ್ಕಮ್ಮ: ಅಂದರೆ ನಿಜ ಅಲ್ವಾ!

ಮೇಷ್ಟ್ರು ಭಾವ: ಅಂದರೆ ಸುಳ್ಳು ಅಲ್ವಾ!

(ಎರಡೂ 11:42ಕ್ಕೇ ಬಂದವು. ಮೇಲಿನ ಸಂದೇಶ ಪೂರ್ತಿ ಓದಲು ನನಗೇ ಒಂದು ನಿಮಿಷ ಬೇಕಾಯಿತು.)

ಸ್ಟುಟ್‌ಗಾರ್ಟ್ ಅಕ್ಕ: ಇನ್ನೂ ಒಂದು. ನಮ್ಮ ಪಿಯುಸಿ ಒಂದನ್ನೇ ನೋಡಿ ಇಲ್ಲಿ ನೇರವಾಗಿ ಸೇರಿಸಿಕೊಳ್ಳುವುದಿಲ್ಲ. ಜೆಇಇ ಅಡ್ವಾನ್ಸ್‌ಡ್ ಪಾಸಾಗಿರಬೇಕು. ಇಲ್ಲದಿದ್ದರೆ ಊರಲ್ಲೇ ಡಿಗ್ರಿಗೆ ಸೇರಿ ಒಂದು ವರ್ಷ ಪಾಸು ಮಾಡಿಕೊಂಡು ಬರಬೇಕು.

ಅತ್ತೆ: ಅಷ್ಟು ದೂರ ಹೋಗಿ ಮಗು ಏನು ತಿನ್ನಬೇಕು? ತಂದೆ ತಾಯಿ ಹತ್ತಿರ ಇರುವುದೇ ದೊಡ್ಡ ಓದು.

ಸ್ಟುಟ್‌ಗಾರ್ಟ್ ಅಕ್ಕ: ಅಪ್ಪ, ನಿಮಗೊಂದು ವಿಷಯ. ಈ ಪದ್ಧತಿ ಶುರು ಮಾಡಿಸಿದ್ದೇ ಇಲ್ಲಿನ ಕಂಪನಿಗಳು. 1972ರಲ್ಲಿ ಡೈಮ್ಲರ್, ಬಾಷ್, ಎಸ್‌ಇಎಲ್ ಮೂರೂ ಸೇರಿ ಯೋಜನೆ ಕೊಟ್ಟವು. 1974ರಲ್ಲಿ ಸ್ಟುಟ್‌ಗಾರ್ಟ್, ಮಾನ್‌ಹೈಮ್‌ನಲ್ಲಿ ಶುರುವಾಯಿತು. ಆಗ ಹೆಸರು ಬೆರೂಫ್ಸ್‌ಅಕಾಡೆಮಿ. 2009ರಲ್ಲಿ ಈಗಿನ ಹೆಸರು ಬಂತು.

ದೊಡ್ಡಪ್ಪ: ಬಾಷ್ ಅಂದರೆ ನಮ್ಮ ಮೈಕೋದವರೇ. ನಾನು ಆಗಲೇ ಹೇಳಿದೆನಲ್ಲ? ಓದಿನ ಜೊತೆ ಕೈಕೆಲಸ ಇರಬೇಕು. ಇದು ಜರ್ಮನಿಯವರಿಗೆ ಗೊತ್ತು, ನನಗೆ ಗೊತ್ತು.

ಚಿಕ್ಕಮ್ಮ: ಭಾವನವರೇ, ಈ ಮಾತು 1986ರಲ್ಲಿ ಎಲ್ಲಿ ಹೋಗಿತ್ತು?

(ಇಲ್ಲಿ ಭಾವ ಎಂದರೆ ದೊಡ್ಡಪ್ಪ. ಗುಂಪಿನಲ್ಲಿ ಯಾರೂ ಇದನ್ನು ವಿವರಿಸಲಿಲ್ಲ, ಎಲ್ಲರಿಗೂ ಗೊತ್ತು. ಚಿಕ್ಕಪ್ಪನಿಗೂ ಆಗ ಒಂದು ಕಾರ್ಖಾನೆಯಿಂದ ಅಪ್ರೆಂಟಿಸ್ ಕರೆ ಬಂದಿತ್ತಂತೆ. ದೊಡ್ಡಪ್ಪ ‘ಮನೆಗೆ ಒಂದು ಎಣ್ಣೆ ಕೈ ಸಾಕು, ನೀನು ಬಿ.ಕಾಂ. ಮಾಡು’ ಎಂದರಂತೆ. ಚಿಕ್ಕಪ್ಪ ಬಿ.ಕಾಂ. ಮಾಡಿದರು. ಆ ಕಥೆ ಈ ಮನೆಯಲ್ಲಿ ಪ್ರತಿ ಮದುವೆಯಲ್ಲೂ ಊಟದ ಎರಡನೇ ಪಂಕ್ತಿಯಲ್ಲಿ ಬರುತ್ತದೆ.)

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಅಣ್ಣ: ಚಿಕ್ಕಮ್ಮ, ಅಪ್ಪ ಒಳ್ಳೆಯದಕ್ಕೇ ಹೇಳಿದ್ದು.

ಚಿಕ್ಕಮ್ಮ: ನಾನು ಸುಮ್ನೆ ಕೇಳಿದೆ ಅಷ್ಟೇ.

ಮೇಷ್ಟ್ರು ಭಾವ: ನಾವು ಫಾರ್ವರ್ಡ್ ಬಗ್ಗೆ ಮಾತಾಡುತ್ತಿದ್ದೆವು. ಕೆಲಸ ಗ್ಯಾರಂಟಿ ಎನ್ನುವುದಕ್ಕೆ ಉತ್ತರ ಬರಲೇ ಇಲ್ಲ.

ಪುಟ್ಟು: ಅಕ್ಕ, ಆ ಮೂರು ತಿಂಗಳು ಆಫೀಸಲ್ಲಿ ಏನು ಮಾಡಿಸುತ್ತಾರೆ? ಕೋಡಿಂಗಾ, ಕಾಫಿ ತರುವುದಾ?

(ಬೆಳಗಿನಿಂದ ಅವನ ಮೊದಲ ಸಂದೇಶ. ಇಡೀ ದಿನದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ.)

ಸ್ಟುಟ್‌ಗಾರ್ಟ್ ಅಕ್ಕ: ನಮ್ಮ ಮೇಲಿನ ಮನೆ ಹುಡುಗ ಮೊದಲ ಸಲ ಬೇರೆಯವರ ಕೋಡಿಗೆ ಟೆಸ್ಟ್ ಬರೆದ, ಅಷ್ಟೇ. ಬೇಜಾರು ಅನ್ನುತ್ತಿದ್ದ. ಎರಡನೇ ವರ್ಷ ಅವನು ಬರೆದ ಭಾಗವನ್ನೇ ಕಂಪನಿ ಬಳಸಿತು. ಮಾಡಿದ ಕೆಲಸದ ಮೇಲೆ ವರದಿ ಬರೆಯಬೇಕು. ಪರೀಕ್ಷೆಯಲ್ಲಿ ಪೂರ್ತಿ ಫೇಲಾದರೆ ಸೀಟೂ ಹೋಯಿತು, ಕೆಲಸವೂ ಹೋಯಿತು. ಕ್ಲಾಸು ಅಕ್ಟೋಬರಿಗೆ ಶುರು, ಕಂಪನಿಗೆ ಅರ್ಜಿ ಒಂದು ವರ್ಷ ಮೊದಲೇ ಹಾಕಬೇಕು. ನಿನಗೆ ಆಸಕ್ತಿ ಇದ್ದರೆ ಊರಲ್ಲೇ ಕಾಲೇಜಿಗೆ ಸೇರು, ಜೊತೆಗೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಶುರು ಮಾಡು.

ಅತ್ತೆ: ಹಪ್ಪಳ ಒಣಗಿಸಿದ್ದೇನೆ. ಯಾರಿಗೆ ಬೇಕು ಹೇಳಿ. (ಫೋಟೋ)

ಆಮೇಲೆ ಚಿಕ್ಕಪ್ಪ ಒಂದು ಫೋಟೋ ಹಾಕಿದರು. ಗುಂಪು ಶುರುವಾದಾಗಿನಿಂದ ಅವರು ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿದ್ದು ಬಿಟ್ಟರೆ ಏನೂ ಬರೆದವರಲ್ಲ. ಹಳದಿಯಾದ ಕಾಗದ, ನಾಲ್ಕು ಮಡಿಕೆಯ ಗುರುತು, ಟೈಪ್ ಮಾಡಿದ ಅಕ್ಷರ. 1986ರ ಕರೆ.

ಮೇಷ್ಟ್ರು ಭಾವ: ಸಹಿ, ಸೀಲು ಎರಡೂ ಇದೆ.

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಹತ್ತು ನಿಮಿಷವಾದರೂ ಆಗಿರಬೇಕು.

ದೊಡ್ಡಪ್ಪ: ಪುಟ್ಟು, ಆ ಜರ್ಮನ್ ಕ್ಲಾಸಿಗೆ ಎಷ್ಟು ಕಟ್ಟಬೇಕಂತೆ, ಕೇಳಿಕೊಂಡು ನನಗೆ ಫೋನ್ ಮಾಡು.